ಕಪ್ಪು ಕಾರಿನ ಗೀರುಗಳು: ಪುಣೆಯ ಪಾರ್ಕಿಂಗ್‌ನಲ್ಲಿ ಮಾಡಿದ ಪಾಲಿಶ್ ಕೆಲಸದ ವಿವರ

ಕಾರು ಎಂಟು ವರ್ಷ ಹಳೆಯ ಕಪ್ಪು ಹ್ಯಾಚ್‌ಬ್ಯಾಕ್. ಪುಣೆಯ ಸಿಂಹಗಡ ರಸ್ತೆಯ ಸೊಸೈಟಿಯೊಂದರಲ್ಲಿ, ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿ ನಿಲ್ಲುತ್ತದೆ. ಹಬ್ಬಹರಿದಿನಗಳಿಗೆ ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಮೇಲಿಂದ ಊರಿಗೆ ಹೋಗಿಬರುತ್ತದೆ. ಅದರ ಮೈಮೇಲೆ ಮೂರು ಬಗೆಯ ಗೀರುಗಳಿದ್ದವು. ಮೂರಕ್ಕೂ ಕಾರಣ ಬೇರೆ, ಆಳ ಬೇರೆ, ತೆಗೆಯುವ ವಿಧಾನವೂ ಬೇರೆ. ಮೊದಲನೆಯದು ಬಾನೆಟ್ ಮತ್ತು ಛಾವಣಿಯ ತುಂಬ ಹರಡಿದ್ದ ನವಿರಾದ ಗೀರುಗಳ ಜಾಲ. ನೆರಳಿನಲ್ಲಿ ಕಾಣದು, ಬಿಸಿಲಿಗೆ ತಂದರೆ ಬಣ್ಣವೇ ಮಾಸಿದಂತೆ ತೋರುತ್ತಿತ್ತು. ಎರಡನೆಯದು ಎಡಗಡೆಯ ಎರಡೂ ಬಾಗಿಲುಗಳ ಉದ್ದಕ್ಕೆ ಎಳೆದಿದ್ದ ಸಮಾನಾಂತರ ಗೀರುಗಳು. ಕಬ್ಬಿನ ಹಂಗಾಮಿನಲ್ಲಿ ಚಿಕ್ಕೋಡಿ ಕಡೆಯ ಕಿರಿದಾದ ರಸ್ತೆಯಲ್ಲಿ, ನಿಂತಿದ್ದ ಟ್ರೇಲರ್ ಒಂದರ ಪಕ್ಕದಿಂದ ಹಾಯುವಾಗ ಹೊರಗೆ ಜೋತಿದ್ದ ಕಬ್ಬಿನ ಸೋಗೆ ಸವರಿಕೊಂಡು ಹೋದದ್ದರಿಂದ ಆದವು. ಎಲೆಯಿಂದ ಗೀರು ಬೀಳುತ್ತದೆಯೇ ಎಂದು ಕೇಳುವವರಿದ್ದಾರೆ. ಕಬ್ಬಿನ ಎಲೆಯ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಎಲೆಯ ಹೊರಪದರದಲ್ಲಿ ಸಿಲಿಕಾ ಇರುತ್ತದೆ, ಮೇಲೆ ರಸ್ತೆಯ ಧೂಳೂ ಕೂತಿರುತ್ತದೆ. ಕಾರಿನ ಬಣ್ಣಕ್ಕೆ ಅಷ್ಟು ಸಾಕು. ಮೂರನೆಯದು ಹಿಂದಿನ ಬಾಗಿಲಿನ ಮೇಲೆ, ಪಕ್ಕದಲ್ಲಿ ನಿಲ್ಲಿಸುವ ಸ್ಕೂಟರಿನ ಬ್ರೇಕ್ ಲಿವರ್ ತಗುಲಿ ಆದ ಬೆರಳುದ್ದದ ಒಂದೇ ಗೀರು. ಅದರ ತಳದಲ್ಲಿ ಬೂದುಬಣ್ಣ ಕಾಣುತ್ತಿತ್ತು.

ಮೊದಲು ವಿಚಾರಿಸಿದ ಗ್ಯಾರೇಜಿನವರು ಎಡಗಡೆಯ ಎರಡೂ ಬಾಗಿಲುಗಳಿಗೆ ಹೊಸದಾಗಿ ಬಣ್ಣ ಹೊಡೆಯುವುದೊಂದೇ ದಾರಿ ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಾರ್ಖಾನೆಯಲ್ಲಿ ಕಾರಿನ ಹೊರಮೈಗೆ ಬಣ್ಣ ಹಚ್ಚುವಾಗ ಒಳಗೆ ಪ್ಲಾಸ್ಟಿಕ್, ರಬ್ಬರ್, ವೈರಿಂಗ್ ಯಾವುದೂ ಇರುವುದಿಲ್ಲ. ಆದ್ದರಿಂದ ಅದನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಬಹುದು. ಪೂರ್ತಿ ಜೋಡಿಸಿದ ಕಾರನ್ನು ಅಷ್ಟು ಬಿಸಿಗೆ ಒಡ್ಡಲಾಗದು. ಆದಕಾರಣ ಒಳ್ಳೆಯ ಗ್ಯಾರೇಜಿನ ಬೂತ್‌ನಲ್ಲಿಯೂ ಸುಮಾರು 60 ಡಿಗ್ರಿಯಲ್ಲಿ ಒಣಗುವ, ಗಟ್ಟಿಕಾರಕ ಬೆರೆಸಿದ ಬೇರೆ ಜಾತಿಯ ಬಣ್ಣವನ್ನು ಬಳಸಬೇಕಾಗುತ್ತದೆ. ಅದು ಕೆಟ್ಟದ್ದೆಂದಲ್ಲ. ಆದರೆ ಕಾರ್ಖಾನೆಯ ಮೂಲ ಬಣ್ಣ ಒಮ್ಮೆ ಹೋದರೆ ಮತ್ತೆ ಬರುವಂಥದ್ದಲ್ಲ, ಮತ್ತು ಕೆಲವು ಮೈಕ್ರಾನ್ ಆಳದ ಗೀರಿಗಾಗಿ ಅದನ್ನು ಉಜ್ಜಿ ಹಾಕುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬುತ್ತೇನೆ.

ಈ ಕೆಲಸದಲ್ಲಿ ಎಲ್ಲ ಲೆಕ್ಕವೂ ಮೈಕ್ರಾನ್‌ನಲ್ಲಿಯೇ ನಡೆಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯಲು ವಿದ್ಯುತ್ ಹಾಯಿಸಿ ಕೂರಿಸಿದ ಪ್ರೈಮರ್ ಸುಮಾರು 20 ಮೈಕ್ರಾನ್, ಅದರ ಮೇಲೆ ಸಮತಟ್ಟು ಮಾಡುವ ಬೂದು ಪ್ರೈಮರ್ 30ರ ಆಸುಪಾಸು, ಆಮೇಲೆ ಕಣ್ಣಿಗೆ ಕಾಣುವ ಬಣ್ಣದ ಪದರ 10ರಿಂದ 20, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ 35ರಿಂದ 50. ಎಲ್ಲ ಸೇರಿ ಸುಮಾರು 95ರಿಂದ 120 ಮೈಕ್ರಾನ್. ಅಂದರೆ ಒಂದೆರಡು ತಲೆಗೂದಲಿನ ದಪ್ಪ. ನಾವು ಪಾಲಿಶ್ ಮಾಡುವುದು ಕ್ಲಿಯರ್ ಕೋಟನ್ನು ಮಾತ್ರ. ಗೀರು ತೆಗೆಯುವುದೆಂದರೆ ಗೀರನ್ನು ತುಂಬುವುದಲ್ಲ, ಅದರ ತಳದ ಮಟ್ಟಕ್ಕೆ ಬರುವವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ವಸ್ತುವೂ ಇದೇ ಪದರದಲ್ಲಿರುತ್ತದೆ. ಅದು ತೀರಾ ತೆಳ್ಳಗಾದರೆ ಕೆಲವು ವರ್ಷಗಳಲ್ಲಿ ಛಾವಣಿ ಮತ್ತು ಬಾನೆಟ್ಟಿನ ಮೇಲೆ ಬಿಳಿ ಹೊಪ್ಪಳೆ ಏಳುತ್ತದೆ, ಆಗ ಪಾಲಿಶ್‌ನಿಂದ ಏನೂ ಆಗದು.

ನಮ್ಮ ಸೊಸೈಟಿಯಲ್ಲಿಯೇ, ಪಿಂಪ್ರಿಯ ವಾಹನ ಕಾರ್ಖಾನೆಯ ಪೇಂಟ್ ಶಾಪ್‌ನಲ್ಲಿ ದುಡಿದು ನಿವೃತ್ತರಾದ, ಸೊಲ್ಲಾಪುರ ಕಡೆಯ ಕನ್ನಡ ಮಾತಿನ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರು ಅವರಲ್ಲಿತ್ತು. ಅದನ್ನು ತಂದು ಅವರೇ ಒಂದೊಂದು ಭಾಗದಲ್ಲಿ ಹಲವು ಕಡೆ ಒತ್ತಿ ತೋರಿಸಿದರು. ಬಾನೆಟ್ ಮತ್ತು ಬಾಗಿಲುಗಳು 110ರಿಂದ 125ರೊಳಗೆ ಬಂದವು. ಮುಂದಿನ ಎಡ ಫೆಂಡರ್ ಮಾತ್ರ 260 ದಾಟಿತು. ಕಾರು ನಮ್ಮ ಕೈಗೆ ಬರುವ ಮುಂಚೆ ಯಾವಾಗಲೋ ಅದಕ್ಕೆ ಮರುಬಣ್ಣ ಆಗಿತ್ತೆಂಬುದು ಅದರಿಂದ ತಿಳಿಯಿತು. ಅಂಕಿ ದೊಡ್ಡದೆಂದು ಅಲ್ಲಿ ಧಾರಾಳವಾಗಿ ಉಜ್ಜುವಂತಿಲ್ಲ ಎಂದು ಕಾಕಾ ಎಚ್ಚರಿಸಿದರು: ಮೀಟರು ತಗಡಿನ ಮೇಲಿನ ಎಲ್ಲ ಪದರಗಳ ಒಟ್ಟು ದಪ್ಪವನ್ನು ಹೇಳುತ್ತದೆಯೇ ಹೊರತು ಕ್ಲಿಯರ್ ಕೋಟ್ ಎಷ್ಟಿದೆಯೆಂದು ಹೇಳುವುದಿಲ್ಲ. 260ರಲ್ಲಿ ಬಹುಪಾಲು ಲಪ್ಪಂ ಮತ್ತು ಹಳೆಯ ಬಣ್ಣವೇ ಇರಬಹುದು. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಮೀಟರು ನಡೆಯುವುದಿಲ್ಲ, ಅದಕ್ಕೆ ಕೆಳಗೆ ಲೋಹ ಬೇಕು.

ಗೀರಿನ ಆಳ ತಿಳಿಯಲು ಎರಡು ಸುಲಭ ಪರೀಕ್ಷೆಗಳಿವೆ. ಗೀರಿನ ಮೇಲೆ ನೀರು ಹನಿಸಿದಾಗ ಗೀರು ಮಾಯವಾದರೆ ಕ್ಲಿಯರ್ ಕೋಟ್‌ನೊಳಗೇ ಇದೆಯೆಂದರ್ಥ. ನೀರು ಗೀರನ್ನು ತಾತ್ಕಾಲಿಕವಾಗಿ ತುಂಬಿ ಬೆಳಕು ಚದುರದಂತೆ ಮಾಡುತ್ತದೆ. ಎರಡನೆಯದು, ಉಗುರನ್ನು ಅಡ್ಡಲಾಗಿ ಹಗುರವಾಗಿ ಎಳೆದು ನೋಡುವುದು. ಉಗುರು ಸಿಕ್ಕಿಕೊಂಡರೆ ಆ ಗೀರನ್ನು ಪಾಲಿಶ್‌ನಿಂದ ಪೂರ್ತಿ ತೆಗೆಯುವ ಆಸೆಯನ್ನು ಬಿಡಬೇಕು. ಬಾನೆಟ್ಟಿನ ಜಾಲವಿಡೀ ನೀರಿಗೆ ಮಾಯವಾಯಿತು, ಉಗುರಿಗೆ ಏನೂ ಸಿಗಲಿಲ್ಲ. ಬಾಗಿಲಿನ ಕಬ್ಬಿನ ಗೀರುಗಳೂ ನೀರಿಗೆ ಮರೆಯಾದವು, ಆದರೆ ಮುಂದಿನ ಬಾಗಿಲಿನ ಹಿಡಿಕೆಯ ಕೆಳಗೆ ಮೂರು ಗೀರುಗಳಲ್ಲಿ ಉಗುರು ಸ್ವಲ್ಪ ತಡೆಯುತ್ತಿತ್ತು. ಬ್ರೇಕ್ ಲಿವರಿನ ಗೀರು ಯಾವ ಪರೀಕ್ಷೆಯಲ್ಲೂ ಪಾಸಾಗಲಿಲ್ಲ.

ಕೆಲಸಕ್ಕೆ ಜನವರಿಯನ್ನು ಆರಿಸಿಕೊಂಡೆ. ಪುಣೆಯಲ್ಲಿ ಆಗ ಗಾಳಿ ಒಣಗಿರುತ್ತದೆ, ಮುಂಜಾನೆ ತಗಡು ತಣ್ಣಗಿರುತ್ತದೆ. ಬಿಸಿ ತಗಡಿನ ಮೇಲೆ ಕಾಂಪೌಂಡ್ (ಹೆಚ್ಚು ಸವೆಸುವ ಒರಟು ಪಾಲಿಶ್) ನಿಮಿಷದೊಳಗೆ ಒಣಗಿ ಪುಡಿಯಾಗುತ್ತದೆ. ಸೊಸೈಟಿಯ ಕಾರ್ಯದರ್ಶಿಯವರಿಂದ ಪ್ಲಗ್ ಬಳಸಲು ಅನುಮತಿ ಪಡೆದು, ಕಂಬದ ಪಕ್ಕದ ಜಾಗಕ್ಕೆ ಕಾರನ್ನು ತಂದುಕೊಂಡೆ. ವಾಟರ್ ಪೇಪರ್ (ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಕಾಗದ), ಮಾಸ್ಕಿಂಗ್ ಟೇಪ್‌ಗಳನ್ನು ರವಿವಾರ ಪೇಠೆಯ ಬೋಹರಿ ಆಳಿಯಿಂದ ತಂದಿದ್ದೆ. ಯಂತ್ರ ಡ್ಯುಯಲ್ ಆ್ಯಕ್ಷನ್ ಪಾಲಿಶರ್. ಅದರ ಫೋಮ್ ಪ್ಯಾಡ್ ತನ್ನ ಸುತ್ತ ತಿರುಗುವುದರ ಜೊತೆಗೆ 8 ಮಿಲಿಮೀಟರ್ ಅಳತೆಯಲ್ಲಿ ಅತ್ತಿತ್ತ ಓಲಾಡುತ್ತದೆ. ಒಂದೇ ದಿಕ್ಕಿನಲ್ಲಿ ತಿರುಗುವ ರೋಟರಿ ಯಂತ್ರ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಬಿಸಿ ಒಂದೇ ಕಡೆ ಕೂಡಿಕೊಂಡು ಅಂಚುಗಳಲ್ಲಿ ಬಣ್ಣ ಸುಡುವ ಅಪಾಯ ಹೆಚ್ಚು. ಡ್ರಿಲ್ ಯಂತ್ರಕ್ಕೆ ಫೋಮ್ ಸಿಕ್ಕಿಸಿ ಮಾಡುವುದನ್ನಂತೂ ನಾನು ಯಾರಿಗೂ ಹೇಳಲಾರೆ. ವೇಗದ ಹಿಡಿತವಿಲ್ಲ, ಕೈ ಸ್ವಲ್ಪ ವಾಲಿದರೆ ಫೋಮಿನ ಅಂಚು ಬಣ್ಣವನ್ನು ಕೊರೆಯುತ್ತದೆ. ಟೂತ್‌ಪೇಸ್ಟ್ ಹಚ್ಚುವ ಸಲಹೆಯೂ ಬಂದಿತ್ತು. ಅದರಲ್ಲಿರುವ ಉಜ್ಜುವ ಪುಡಿ ಹಲ್ಲಿಗೆಂದು ಮಾಡಿದ್ದು, ಕಾರಿನ ಬಣ್ಣಕ್ಕಲ್ಲ.

ತೊಳೆಯುವುದನ್ನೇ ಪಾಲಿಶ್‌ನ ಮೊದಲ ಹಂತವೆಂದು ತಿಳಿಯಬೇಕು. ಧೂಳು ಕೂತ ಮೈಮೇಲೆ ಪ್ಯಾಡ್ ಆಡಿಸಿದರೆ ಹೊಸ ಗೀರುಗಳೇ ಹುಟ್ಟುತ್ತವೆ. ಮೊದಲು ಬರಿ ನೀರು ಹರಿಸಿ ಮಣ್ಣನ್ನು ಇಳಿಸಿ, ಬಳಿಕ ಕಾರ್ ಶಾಂಪೂವಿನ ಒಂದು ಬಕೆಟ್, ಬಟ್ಟೆ ಜಾಲಿಸಲು ಶುದ್ಧ ನೀರಿನ ಇನ್ನೊಂದು ಬಕೆಟ್ ಇಟ್ಟುಕೊಂಡು ಛಾವಣಿಯಿಂದ ಕೆಳಮುಖವಾಗಿ ತೊಳೆದೆ. ಇಲ್ಲಿ ಟ್ಯಾಂಕರ್ ನೀರು ಗಡಸು. ತಾನಾಗಿ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಕಲೆ ಉಳಿಯುತ್ತದೆ, ಆದ್ದರಿಂದ ಕೂಡಲೇ ಮೈಕ್ರೋಫೈಬರ್ ಟವೆಲ್‌ನಿಂದ ನೀರನ್ನು ಒತ್ತಿ ತೆಗೆಯಬೇಕು. ತೊಳೆದ ಮೇಲೆ ಬೆರಳಿಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಸವರಿದರೆ, ಬರಿಗೈಗೆ ನುಣುಪಾಗಿ ತೋರಿದ ಮೈ ತರಿತರಿಯಾಗಿ ತಾಗಿತು. ಬ್ರೇಕಿನಿಂದ ಉದುರುವ ಕಬ್ಬಿಣದ ಕಣ, ಹತ್ತಿರದ ಕಟ್ಟಡಗಳ ಸಿಮೆಂಟ್ ಧೂಳು, ಮರದ ಅಂಟು ಇವೆಲ್ಲ ಬಣ್ಣಕ್ಕೆ ಕಚ್ಚಿಕೊಂಡಿರುತ್ತವೆ. ಅದಕ್ಕೆ ಕ್ಲೇ ಬಾರ್, ಅಂದರೆ ಕಚ್ಚಿಕೊಂಡ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಯಂಥ ಮೆತ್ತನೆಯ ತುಂಡು, ಬಳಸಬೇಕು. ಶಾಂಪೂ ನೀರು ಧಾರಾಳವಾಗಿ ಸಿಂಪಡಿಸಿಕೊಂಡು, ಒತ್ತಡವಿಲ್ಲದೆ, ನೇರ ಗೆರೆಯಲ್ಲಿ ಅದನ್ನು ಆಡಿಸಿದೆ. ಮೊದಮೊದಲು ಸರಸರ ಸದ್ದಿತ್ತು. ಸ್ವಲ್ಪ ಹೊತ್ತಿಗೆ ಸದ್ದು ನಿಂತು ಅದು ತಾನಾಗಿ ಜಾರತೊಡಗಿತು. ಮಡಿಚಿದ ಕ್ಲೇಯ ಮೇಲೆ ಕಂದು ಗೆರೆಗಳು ಮೂಡಿದ್ದವು. ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಮತ್ತೆ ಬಳಸಬಾರದು.

ಬಳಿಕ ರಬ್ಬರ್ ಪಟ್ಟಿ, ಕಪ್ಪು ಪ್ಲಾಸ್ಟಿಕ್, ಲಾಂಛನ, ಬಾಗಿಲುಗಳ ಚೂಪು ಅಂಚು ಮತ್ತು ಬಾನೆಟ್ಟಿನ ಏರುಗೆರೆಗಳಿಗೆಲ್ಲ ಟೇಪ್ ಹಚ್ಚಿದೆ. ಈ ಏರುಗೆರೆಗಳ ಮೇಲೆ ಬಣ್ಣ ಮೊದಲೇ ತೆಳು, ಪ್ಯಾಡಿನ ಒತ್ತಡವೂ ಅಲ್ಲಿಯೇ ಹೆಚ್ಚು ಬೀಳುತ್ತದೆ. ಕಾಕಾ ಪಕ್ಕದಲ್ಲಿ ನಿಂತು ಹೇಳುತ್ತಿದ್ದ ಮಾತೂ ಅದೇ: "ತಮ್ಮಾ, ಎಡ್ಜ್ ಮ್ಯಾಲೆ ಮಷೀನ್ ಹತ್ತಿಸಬ್ಯಾಡ. ಅದರ ಸನ್ಯಾಕ ಹೋಗಿ ನಿಲ್ಲಿಸು, ಉಳಿದದ್ದು ಕೈಲೆ ಮಾಡು."

ಯಾವ ಪ್ಯಾಡ್, ಯಾವ ಪಾಲಿಶ್ ಎಂಬುದನ್ನು ಮೊದಲೇ ನಿರ್ಧರಿಸಲಾಗದು, ಏಕೆಂದರೆ ಒಂದೊಂದು ಕಂಪನಿಯ ಕ್ಲಿಯರ್ ಕೋಟ್ ಒಂದೊಂದು ಗಡಸುತನದ್ದು. ಬಾನೆಟ್ಟಿನ ಮೇಲೆ ಎರಡು ಗೇಣು ಚೌಕದಷ್ಟು ಜಾಗಕ್ಕೆ ಟೇಪ್ ಹಚ್ಚಿ ಅಲ್ಲಿಯೇ ಪ್ರಯೋಗ ಮಾಡಿದೆ. ಅತ್ಯಂತ ಸೌಮ್ಯವಾದುದರಿಂದ ಆರಂಭಿಸಿ ಸಾಲದಿದ್ದರೆ ಮಾತ್ರ ಮೇಲಕ್ಕೆ ಹೋಗುವುದು ಕ್ರಮ. ಮೃದುವಾದ ಫಿನಿಶಿಂಗ್ ಫೋಮ್ ಮತ್ತು ನಯವಾದ ಪಾಲಿಶ್‌ನಿಂದ ಹೊಳಪೇನೋ ಬಂತು, ಗೀರು ಹೋಗಲಿಲ್ಲ. ಮಧ್ಯಮ ಗಟ್ಟಿಯ ಪಾಲಿಶಿಂಗ್ ಫೋಮ್ ಮತ್ತು ಮಧ್ಯಮ ಪಾಲಿಶ್‌ಗೆ ಬಂದಾಗ ಜಾಲದ ಬಹುಪಾಲು ಹೋಯಿತು. ಅಲ್ಲೊಂದು ಇಲ್ಲೊಂದು ಆಳವಾದ ಗೀರು ಮಾತ್ರ ಉಳಿಯಿತು. ಅಲ್ಲಿಗೇ ನಿಲ್ಲಿಸಿ ಇಡೀ ಬಾನೆಟ್ಟಿಗೆ ಅದೇ ಜೋಡಿಯನ್ನು ಗೊತ್ತುಮಾಡಿದೆ. ಉಳಿದ ಆ ಒಂದೆರಡಕ್ಕಾಗಿ ಬಾನೆಟ್ಟಿನ ತುಂಬ ಕಟಿಂಗ್ ಕಾಂಪೌಂಡ್ ಆಡಿಸುವುದು, ನನ್ನ ಮಟ್ಟಿಗೆ, ಕ್ಲಿಯರ್ ಕೋಟಿನ ಬೇಡದ ಖರ್ಚು.

ಒಂದು ಚೌಕದ ಕೆಲಸ ನಡೆಯುವ ಬಗೆ ಹೀಗೆ. ಪ್ಯಾಡಿನ ಮೇಲೆ ಕಡಲೆಕಾಳಿನಷ್ಟು ಪಾಲಿಶ್ ನಾಲ್ಕೈದು ಕಡೆ ಇಟ್ಟು, ಯಂತ್ರ ಚಾಲೂ ಮಾಡುವ ಮುಂಚೆಯೇ ಅದನ್ನು ಬಣ್ಣದ ಮೇಲೆ ಒತ್ತಿ ಹರಡಬೇಕು, ಇಲ್ಲವಾದರೆ ಗೋಡೆಗೂ ಮೈಗೂ ಸಿಡಿಯುತ್ತದೆ. ವೇಗ 1ರಲ್ಲಿ ಸವರಿ, ಬಳಿಕ 4 ಅಥವಾ 5ಕ್ಕೆ ಏರಿಸಿ, ಕೈಯನ್ನು ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿನಂತೆ ನಿಧಾನವಾಗಿ ಸರಿಸುತ್ತಾ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ, ಒಮ್ಮೆ ಅಡ್ಡ ಒಮ್ಮೆ ಉದ್ದವಾಗಿ ನಾಲ್ಕರಿಂದ ಆರು ಸಲ ಹಾಯಿಸಬೇಕು. ಒತ್ತಡ ಯಂತ್ರದ ಭಾರಕ್ಕಿಂತ ಸ್ವಲ್ಪವೇ ಹೆಚ್ಚಿರಲಿ. ಪ್ಯಾಡ್ ಅಂಟಿಕೊಳ್ಳುವ ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡಿದ್ದೆ. ಆ ಗೆರೆ ಸುತ್ತುತ್ತಿರುವವರೆಗೆ ಪ್ಯಾಡ್ ಕೆಲಸ ಮಾಡುತ್ತಿದೆ. ಗೆರೆ ನಿಂತ ಹಾಗೆ ಕಂಡರೆ ಒತ್ತಡ ಹೆಚ್ಚಾಗಿದೆ ಅಥವಾ ಪ್ಯಾಡ್ ವಾಲಿದೆ ಎಂದರ್ಥ, ಆಗ ಪ್ಯಾಡ್ ಬರಿದೇ ನಡುಗುತ್ತದೆ, ಗೀರು ತೆಗೆಯುವುದಿಲ್ಲ. ಮೊದಲಿಗೆ ಮಂದ ಬಿಳಿಯಾಗಿದ್ದ ಪಾಲಿಶ್ ಕೊನೆಯ ಸುತ್ತಿಗೆ ಎಣ್ಣೆಯ ತೆಳುಪೊರೆಯಂತಾಗಿ ಅದರೊಳಗಿಂದ ಕಪ್ಪು ಬಣ್ಣ ಕಾಣಿಸುತ್ತದೆ. ಅದೇ ನಿಲ್ಲಿಸುವ ಹೊತ್ತು. ಅಂಗೈಯ ಹಿಂಭಾಗವನ್ನು ತಗಡಿಗೆ ತಾಗಿಸಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ತಣಿಯುವವರೆಗೆ ಬೇರೆ ಭಾಗಕ್ಕೆ ಹೋಗಬೇಕು. ಪ್ರತಿ ಚೌಕ ಮುಗಿದಾಗಲೂ ನೈಲಾನ್ ಬ್ರಷ್‌ನಿಂದ ಪ್ಯಾಡನ್ನು ತಿಕ್ಕಿ, ಸವೆದ ಬಣ್ಣದ ಪುಡಿಯನ್ನು ಉದುರಿಸಿದೆ. ಪುಡಿ ತುಂಬಿದ ಪ್ಯಾಡ್ ಮೈಮೇಲೆ ಮಬ್ಬು ಬಿಡುತ್ತದೆ.

ಪಾಲಿಶ್ ಒರೆಸಿದ ಕೂಡಲೇ ಎಲ್ಲವೂ ಹೋಗಿದೆಯೆಂದು ತೋರುತ್ತದೆ, ಅದನ್ನು ನಂಬಬಾರದು. ಪಾಲಿಶ್‌ನಲ್ಲಿರುವ ಎಣ್ಣೆ ಉಳಿದ ಗೀರುಗಳನ್ನು ತುಂಬಿ ಮುಚ್ಚಿರುತ್ತದೆ. ಅಂಗಡಿಯಲ್ಲಿ ಹೊಳೆಯುತ್ತಿದ್ದ ಕಾರು ನಾಲ್ಕು ಸಲ ತೊಳೆದ ಮೇಲೆ ಮೊದಲಿನ ಹಾಗೆಯೇ ಆಯಿತು ಎಂದು ಅನೇಕರು ದೂರುವುದಕ್ಕೆ ಇದೇ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿನಲ್ಲಿ ಶೇಕಡಾ 15ರಷ್ಟು ಬೆರೆಸಿ ಸಿಂಪಡಿಸಿ ಒರೆಸಿದ ಮೇಲೆಯೇ ನಿಜಸ್ಥಿತಿ ಕಾಣುವುದು. ನೋಡುವುದಕ್ಕೂ ಟ್ಯೂಬ್‌ಲೈಟಿನ ಬೆಳಕು ಸಾಲದು. ಒಂದೇ ಬಿಂದುವಿನಿಂದ ಬರುವ ಬೆಳಕು ಬೇಕು, ಎಲ್ಇಡಿ ಟಾರ್ಚ್ ಅಥವಾ ಬಿಸಿಲು. ಬಿಂಬದ ಸುತ್ತ ಗೀರುಗಳು ವೃತ್ತಾಕಾರವಾಗಿ ಕಾಣುತ್ತವೆಯಾದರೂ ಅವು ನಿಜವಾಗಿ ಎಲ್ಲ ದಿಕ್ಕುಗಳಲ್ಲೂ ಹೋಗಿರುತ್ತವೆ. ಬೆಳಕಿನ ಬಿಂಬಕ್ಕೆ ಅಡ್ಡಲಾಗಿರುವವು ಮಾತ್ರ ಹೊಳೆದು ಕಣ್ಣಿಗೆ ಬೀಳುವುದರಿಂದ ಸುತ್ತು ಸುತ್ತಾಗಿ ತೋರುತ್ತವೆ. ಟಾರ್ಚನ್ನು ಸರಿಸಿದರೆ ವೃತ್ತವೂ ಅದರೊಂದಿಗೆ ಸರಿಯುತ್ತದೆ.

ಎಡಗಡೆಯ ಬಾಗಿಲುಗಳು ಹೆಚ್ಚು ಶ್ರಮ ಬೇಡಿದವು. ಅಲ್ಲಿ ಕಟಿಂಗ್ ಫೋಮ್ ಮತ್ತು ಕಾಂಪೌಂಡ್ ಬಳಸಲೇಬೇಕಾಯಿತು. ಕಬ್ಬಿನ ಗೀರುಗಳಲ್ಲಿ ಬಹುಪಾಲು ಅದಕ್ಕೇ ಹೋದವು, ಕಾಂಪೌಂಡ್ ಬಿಟ್ಟ ಮಬ್ಬನ್ನು ಮಧ್ಯಮ ಪಾಲಿಶ್‌ನಿಂದ ತೆಗೆದೆ. ಉಗುರಿಗೆ ತಡೆಯುತ್ತಿದ್ದ ಮೂರು ಗೀರುಗಳಿಗೆ ಮಾತ್ರ ವಾಟರ್ ಪೇಪರ್ ಹಿಡಿದೆ. 2500 ನಂಬರಿನ ಕಾಗದವನ್ನು ಶಾಂಪೂ ನೀರಿನಲ್ಲಿ ಚೆನ್ನಾಗಿ ನೆನೆಸಿ, ಸಣ್ಣ ರಬ್ಬರ್ ತುಂಡಿಗೆ ಸುತ್ತಿ, ಬೆರಳಿನ ಒತ್ತಡ ಒಂದೇ ಕಡೆ ಬೀಳದಂತೆ ಗೀರಿಗೆ ಓರೆಯಾಗಿ ಕೆಲವೇ ಸಲ ಎಳೆದು ಒರೆಸಿ ನೋಡುವುದು, ಮತ್ತೆ ಎಳೆಯುವುದು. ಉಜ್ಜಿದ ಜಾಗ ಬೂದಿ ಬಳಿದಂತೆ ಮಂಕಾಗುತ್ತದೆ, ಅದರ ನಡುವೆ ಗೀರು ಹೊಳೆಯುವ ಗೆರೆಯಾಗಿ ಉಳಿಯುತ್ತದೆ. ಕಾಗದ ಇನ್ನೂ ಅದರ ತಳ ಮುಟ್ಟಿಲ್ಲವೆಂದು ಆ ಹೊಳಪು ಹೇಳುತ್ತದೆ. ಹರಿದುಬರುವ ನೀರು ಬಿಳಿಯಾಗಿದ್ದರೆ ಸವೆಯುತ್ತಿರುವುದು ಕ್ಲಿಯರ್ ಕೋಟ್. ಅದು ಕಪ್ಪಾದರೆ ಬಣ್ಣದ ಪದರ ತಲುಪಿದಂತೆ, ಆಗ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕಾಲದ ಬಣ್ಣಗಳಲ್ಲಿ ಮಾತ್ರ ಮೊದಲಿನಿಂದಲೇ ಬಣ್ಣ ಬಿಡುತ್ತದೆ. ಎರಡು ಗೀರುಗಳು ಸಮತಟ್ಟಾದವು. ಮೂರನೆಯದು ತೆಳುಗೆರೆಯಾದಾಗ ಮೀಟರು 112 ತೋರಿಸುತ್ತಿತ್ತು; ಆರಂಭದಲ್ಲಿ ಅಲ್ಲಿ 119 ಇತ್ತು. ಇಂಥ ಮೀಟರಿನಲ್ಲಿ ಎರಡು ಮೂರು ಮೈಕ್ರಾನ್ ಹೆಚ್ಚುಕಡಿಮೆ ಆಗುವುದುಂಟು ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಅಲ್ಲಿಗೆ ಕಾಗದ ಕೆಳಗಿಟ್ಟೆ. ಇನ್ನೂ ನವಿರಾದ 3000 ನಂಬರಿನ ಕಾಗದದಿಂದ ನಯಮಾಡಿ, ಕಾಂಪೌಂಡ್ ಮತ್ತು ಪಾಲಿಶ್ ಆಡಿಸಿದ ಮೇಲೆ ಆ ಗೆರೆ ಟಾರ್ಚ್ ಹಿಡಿದು ಹುಡುಕುವವರಿಗೆ ಮಾತ್ರ ಸಿಗುತ್ತದೆ.

ಬ್ರೇಕ್ ಲಿವರಿನ ಗೀರಿಗೆ ಪಾಲಿಶ್ ದಾರಿಯಲ್ಲ. ಬೂದು ಪ್ರೈಮರ್ ಕಾಣುತ್ತಿದ್ದರೂ ಉಕ್ಕು ಹೊರಬಿದ್ದಿರಲಿಲ್ಲ, ತುಕ್ಕೂ ಇರಲಿಲ್ಲ. ಕಾರಿನ ತಗಡುಫಲಕದ ಮೇಲಿನ ಬಣ್ಣದ ಕೋಡ್ ನೋಡಿ ಟಚಪ್ ಬಾಟಲಿ ತರಿಸಿದೆ. ಕಪ್ಪು ಎಂದರೆ ಒಂದೇ ಕಪ್ಪಲ್ಲ, ಕೋಡ್ ಇಲ್ಲದೆ ಕೊಂಡರೆ ಬಿಸಿಲಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಬಾಟಲಿಯ ಬ್ರಷ್ ತೀರ ದಪ್ಪ. ಆಲ್ಕೊಹಾಲಿನಿಂದ ಗೀರನ್ನು ಶುಚಿಮಾಡಿ, ಹಲ್ಲುಕಡ್ಡಿಯ ತುದಿಯಿಂದ ಬಣ್ಣವನ್ನು ಗೀರಿನೊಳಗೆ ಮಾತ್ರ ಇಳಿಯುವಂತೆ ತೆಳುವಾಗಿ ತುಂಬಿ, ಒಂದು ಪದರ ಒಣಗಿದ ಮೇಲೆ ಇನ್ನೊಂದನ್ನು ಇಟ್ಟೆ. ಒಣಗಿದಂತೆ ಬಣ್ಣ ಕುಗ್ಗುವುದರಿಂದ ಒಂದೇ ಸಲ ತುಂಬಿದರೆ ನಡುವೆ ಕುಳಿ ಬೀಳುತ್ತದೆ. ಮೇಲೆ ಕ್ಲಿಯರ್ ಹಾಕಿ, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಉಬ್ಬಿರುವಂತೆ ಬಿಟ್ಟು, ಪೂರ್ತಿ ಗಟ್ಟಿಯಾಗಲು ಎರಡು ವಾರ ಮುಟ್ಟದೆ ಇಟ್ಟೆ. ಆಮೇಲೆ 2500ರ ಕಾಗದದಿಂದ ಆ ಉಬ್ಬನ್ನಷ್ಟೇ ತಗ್ಗಿಸಿ ಕೈಯಿಂದ ಪಾಲಿಶ್ ಮಾಡಿದೆ. ಗುರುತು ಈಗಲೂ ಇದೆ, ಆದರೆ ಬೂದು ಗೆರೆ ಇಲ್ಲ, ನೀರು ಒಳಗೆ ಇಳಿಯುವುದಿಲ್ಲ.

ಕೊನೆಗೆ ಬಣ್ಣದ ರಕ್ಷಣೆಗೆ ಪಾಲಿಮರ್ ಸೀಲೆಂಟ್ ಹಚ್ಚಿದೆ, ಟಚಪ್ ಮಾಡಿದ ಜಾಗವೊಂದನ್ನು ಬಿಟ್ಟು. ಕಾರ್ನೌಬಾ ಮೇಣದ ಹೊಳಪು ಚೆಂದ, ಆದರೆ ನಮ್ಮ ಬಿಸಿಲಿಗೆ ಕೆಲವೇ ವಾರಗಳಲ್ಲಿ ಕಳೆಯುತ್ತದೆ. ಸೀಲೆಂಟ್ ಕೆಲವು ತಿಂಗಳು ನಿಲ್ಲುತ್ತದೆ. ಸೆರಾಮಿಕ್ ಕೋಟಿಂಗ್ ಮಾಡಿಸು ಎಂದವರಿದ್ದರು. ಅದರ 9ಎಚ್ ಎಂಬ ಅಂಕಿ ಪೆನ್ಸಿಲ್ ಗಡಸುತನದ ಪರೀಕ್ಷೆಯದು, ವಜ್ರವನ್ನು 10 ಎನ್ನುವ ಮೋಹ್ಸ್ ಮಾಪನದ್ದಲ್ಲ. ಅದು ನೀರು ಕೊಳೆಗಳನ್ನು ಚೆನ್ನಾಗಿ ತಡೆಯುತ್ತದೆ, ಲಿವರು ತಗುಲಿದರೆ ಗೀರು ಬಿದ್ದೇ ಬೀಳುತ್ತದೆ.

ಬಾನೆಟ್ಟಿನ ಜಾಲಕ್ಕೆ ಮೂಲ ಕಾರಣ, ದಿನಾ ಬೆಳಿಗ್ಗೆ ಒಂದೇ ಬಕೆಟ್ ನೀರಿನಲ್ಲಿ ಹತ್ತಾರು ಕಾರುಗಳನ್ನು ಒಂದೇ ಬಟ್ಟೆಯಿಂದ ಒರೆಸುವ ಪದ್ಧತಿ. ಹಿಂದಿನ ಕಾರಿನ ಮರಳು ನಮ್ಮ ಕಾರಿನ ಮೇಲೆ ಓಡಾಡುತ್ತದೆ. ಒರೆಸುವ ಹುಡುಗನಿಗೆ ಸಮಯ ಕಡಿಮೆ, ನೀರು ಕಡಿಮೆ, ತಪ್ಪು ಅವನದಲ್ಲ. ಅವನ ತಿಂಗಳ ಸಂಬಳವನ್ನು ಹಾಗೆಯೇ ಉಳಿಸಿ, ದಿನವೂ ಗಾಜುಗಳನ್ನಷ್ಟೇ ಒರೆಸುವುದು, ಬಣ್ಣದ ಭಾಗವನ್ನು ವಾರಕ್ಕೊಮ್ಮೆ ನೀರು ಹಾಕಿ ತೊಳೆಯುವುದು ಎಂದು ಮಾತಾಡಿಕೊಂಡಿದ್ದೇವೆ. ನಮ್ಮ ಕಾರಿಗೇ ಬೇರೆ ಬಕೆಟ್, ಬೇರೆ ಮೈಕ್ರೋಫೈಬರ್ ಬಟ್ಟೆಗಳನ್ನು ಕೊಟ್ಟಿದ್ದೇನೆ. ಆ ಬಟ್ಟೆಗಳನ್ನು ಮನೆಯ ಬೇರೆ ಬಟ್ಟೆಗಳೊಂದಿಗೆ ಸೇರಿಸದೆ, ಫ್ಯಾಬ್ರಿಕ್ ಕಂಡೀಷನರ್ ಹಾಕದೆ ತೊಳೆಯುತ್ತೇವೆ, ಕಂಡೀಷನರಿನ ಪೊರೆ ಕೂತರೆ ಅವು ನೀರು ಹೀರುವುದನ್ನು ನಿಲ್ಲಿಸುತ್ತವೆ. ಸ್ಕೂಟರಿನವರು ತಮ್ಮ ಗಾಡಿಯನ್ನು ಮುಖ ತಿರುಗಿಸಿ ನಿಲ್ಲಿಸಲು ಒಪ್ಪಿದ್ದಾರೆ, ಈಗ ಅದರ ಲಿವರು ಗೋಡೆಯ ಕಡೆಗಿರುತ್ತದೆ.